ಬಸುರಿಯ ಪಾಲು

ಹೊಳೆಯವರ ಕೇರಿಯಲ್ಲಿ ಮೀನು ಹಿಡಿಯುವವರು ಇಪ್ಪತ್ತು ಮಂದಿ ಇದ್ದರೂ ಕೊಯ್ಯುವವಳು ಒಬ್ಬಳೇ. ಬಲೆ ಯಾರದ್ದೇ ಇರಲಿ, ದೋಣಿ ಯಾರದ್ದೇ ಇರಲಿ, ದೊಡ್ಡ ಮೀನು ದಡಕ್ಕೆ ಬಂತೆಂದರೆ ಅದು ನೇರವಾಗಿ ಪಾಲಿನಜ್ಜಿಯ ಹಲಗೆಗೇ ಬರಬೇಕು. ಅವಳ ಅತ್ತೆ ಕೊಯ್ದ ಹಲಗೆ ಅದು, ಅತ್ತೆಯ ಅತ್ತೆಯೂ ಅದರ ಮೇಲೆಯೇ ಕೊಯ್ದಿದ್ದಳು. ನಡುವೆ ಸವೆದು ಸವೆದು ಹಳ್ಳ ಬಿದ್ದಿತ್ತು. ತಕ್ಕಡಿ ಗಿಕ್ಕಡಿಯ ಗೊಡವೆ ಅಜ್ಜಿಗಿರಲಿಲ್ಲ. ಎಡಗೈ ಬೆರಳುಗಳನ್ನು ಮೀನಿನ ಮೇಲಿಟ್ಟು, ನಾಲ್ಕು ಬೆರಳು ಇವನಿಗೆ, ಮೂರು ಬೆರಳು ಅವಳಿಗೆ ಎಂದು ಕತ್ತಿ ಇಳಿಸಿದಳೆಂದರೆ ಮುಗಿಯಿತು, ಎದುರು ಮಾತಿಲ್ಲ. ತಲೆ ಬಲೆ ಹಾಕಿದವನಿಗೆ, ಬೆನ್ನು ಹುಟ್ಟು ಹಾಕಿದವರಿಗೆ, ಬಾಲದ ಕಡೆಯದು ಮನೆಯಲ್ಲಿ ಗಂಡಸರಿಲ್ಲದ ಹೆಂಗಸರಿಗೆ. ಆದರೆ ಇವೆಲ್ಲ ಆಮೇಲಿನ ಮಾತು. ಎಲ್ಲಕ್ಕಿಂತ ಮೊದಲು, ಕಿವಿರಿನ ಹಿಂದಿನಿಂದ ಹೊಟ್ಟೆಯವರೆಗಿನ ಮೆತ್ತನೆಯ ಮಾಂಸವನ್ನು ಐದು ಬೆರಳಗಲ ತೆಗೆದು ಬದಿಗಿಡಬೇಕು. ಅದು ಕೇರಿಯ ಬಸುರಿಯರ ಪಾಲು.

ಆ ಹೊಳೆಯಲ್ಲಿ ಬಗೆಬಗೆಯ ಮೀನು. ಪಾಚಿ ಮೇಯುವವು, ಕೆಸರು ಕೆದಕುವವು, ಹುಳ ಹಿಡಿಯುವವು. ಇವನ್ನೆಲ್ಲ ನುಂಗಿ ಇಪ್ಪತ್ತು ವರ್ಷ ಬದುಕುವ ಮೀನೊಂದಿತ್ತು, ಕಪ್ಪು ಬೆನ್ನು, ಬಾಯ್ತುಂಬ ಹಲ್ಲು, ಇಬ್ಬರು ಹೊರುವಷ್ಟು ಭಾರ. ಅದನ್ನು ಕೇರಿಯವರು ಯಜಮಾನ ಎಂದೇ ಕರೆಯುತ್ತಿದ್ದರು. "ಹೊಳೆ ಯಜಮಾನನ ಹೊಟ್ಟೆಯನ್ನಾದ್ರೂ ಕೊಯ್ದು ನೋಡಬಹುದು ಕಣ್ರೇ, ಮನೆ ಯಜಮಾನನ ಹೊಟ್ಟೇಲಿ ಏನಿದೆ ಅಂತ ಯಾವಳಿಗೆ ಗೊತ್ತಾಗುತ್ತೆ!" ಎಂದು ಅಜ್ಜಿ ಹಲಗೆಯ ಸುತ್ತ ಬಟ್ಟಲು ಹಿಡಿದು ಕೂತ ಹೆಂಗಸರನ್ನು ನಗಿಸುತ್ತಿದ್ದಳು. ಬಸುರಿಯ ಪಾಲು ಮಾತ್ರ ಯಜಮಾನನದ್ದೇ ಆಗಬೇಕು, ಅದರಲ್ಲೂ ಮುದಿ ಯಜಮಾನನಾದರೆ ಇನ್ನೂ ಒಳ್ಳೆಯದು. ಇಡೀ ಹೊಳೆಯನ್ನು ತಿಂದು ಬೆಳೆದ ಮೀನಿನ ಬಲವೆಲ್ಲ ಹುಟ್ಟುವ ಕೂಸಿಗೆ ಇಳಿಯಲಿ ಎಂಬುದು ಅವರ ಆಸೆ. ಚಿಕ್ಕ ಮೀನು ಬಲೆಗೆ ಬಿದ್ದರೆ ಮರಿಗಳೆಂದು ಬಿಡಿಸಿ ನೀರಿಗೆ ಬಿಡುವರು. ಅಂಗೈಗಿಂತ ಚಿಕ್ಕದನ್ನು ಮನೆಗೆ ತಂದ ಗಂಡಸನ್ನು ಅಜ್ಜಿ ನಾಲ್ಕು ಜನರ ಮುಂದೆ ನೀರಿಳಿಸುತ್ತಿದ್ದಳು.

ಹೊಳೆಯ ಮೇಲುಗಡೆ, ಎರಡು ದಿನದ ದಾರಿಯಲ್ಲಿ, ಅದಿರು ತೊಳೆಯುವ ಕಾರ್ಖಾನೆಯೊಂದಿತ್ತು. ಅಜ್ಜಿ ಮದುವೆಯಾಗಿ ಬಂದ ವರ್ಷ ಶುರುವಾಗಿ, ಅವಳ ಮಗನಿಗೆ ಮೀಸೆ ಮೂಡುವ ಹೊತ್ತಿಗೆ ಬಾಗಿಲು ಹಾಕಿಕೊಂಡಿತು. ಅಲ್ಲಿನ ಕೆಸರು ಹೊಂಡಗಳ ಕಟ್ಟೆ ಯಾವಾಗ ಒಡೆಯಿತೋ, ಕೇರಿಗೆ ಬಂದು ಒಬ್ಬನೂ ಹೇಳಲಿಲ್ಲ. ಹೇಳುವ ಸೌಜನ್ಯ ಯಾರಿಗಿದೆ? ನೀರು ಮೊದಲಿನ ಹಾಗೆಯೇ ತಿಳಿಯಾಗಿ ಹರಿಯುತ್ತಿತ್ತು. ವಾಸನೆಯಿಲ್ಲ, ಬಣ್ಣವಿಲ್ಲ, ಒಂದು ಮೀನೂ ಸತ್ತು ತೇಲಲಿಲ್ಲ.

ಅಜ್ಜಿಯ ಸೊಸೆ ಬೆಟ್ಟದ ಕಡೆಯವಳು. ಅಲ್ಲಿ ಮೀನು ತಿನ್ನುವುದು ಅಪರೂಪ. ಏಳು ಮಕ್ಕಳಲ್ಲಿ ಕೊನೆಯವಳಾಗಿ ಹುಟ್ಟಿ, ಮಾತು ಕಡಿಮೆ ಆಡಿ, ಮೊಣಕಾಲ ಹತ್ತಿರ ಬರುವ ಜಡೆಯೊಂದಿಗೆ ಬಂದಿದ್ದಳು. ಆ ಜಡೆಯೊಂದರಲ್ಲಿ ಅಜ್ಜಿಗೆ ಕೊಂಕು ಸಿಕ್ಕಿರಲಿಲ್ಲ. ಉಳಿದದ್ದೆಲ್ಲದರಲ್ಲೂ ಸಿಕ್ಕಿತ್ತು: ಮೀನು ಒಣಗಿಸುವ ಹೊಗೆಗೂಡಿನ ಬೆಂಕಿ ಹದ ಗೊತ್ತಿಲ್ಲ, ಮೀನಿನ ಬಟ್ಟಲು ಎತ್ತುವಾಗ ಮೂಗು ಸುಕ್ಕಾಗುತ್ತದೆ, ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಾಳೆ. ಆದರೂ ಅವಳು ಬಸುರಿ ಎಂದು ಗೊತ್ತಾದ ದಿನ ಅಜ್ಜಿ ನೆಲದ ಮೇಲೆ ನಿಲ್ಲಲಿಲ್ಲ. ವಾರಕ್ಕೆರಡು ಸಲ ಐದು ಬೆರಳಗಲದ ಪಾಲು ತಾನೇ ಬೇಯಿಸಿ, ಮುಳ್ಳು ಬಿಡಿಸಿ, ಸೊಸೆಯ ಮುಂದಿಟ್ಟು ಹಲಗೆಗೆ ಹೋಗುತ್ತಿದ್ದಳು.

ಎಡವಟ್ಟಾದದ್ದು ಐದನೇ ತಿಂಗಳಲ್ಲಿ. ಮರೆತ ಕತ್ತಿಗಾಗಿ ಅಜ್ಜಿ ಅರ್ಧ ದಾರಿಯಿಂದ ಮನೆಗೆ ತಿರುಗಿ ಬಂದಾಗ ಹಿತ್ತಿಲಲ್ಲಿ ಬೆಕ್ಕು ಬಸುರಿಯ ಪಾಲನ್ನು ಚಪ್ಪರಿಸುತ್ತಿತ್ತು. ಸೊಸೆ ಬಾಗಿಲಲ್ಲಿ ನಿಂತು ಬಾಯಿ ಒರೆಸಿಕೊಳ್ಳುತ್ತಿದ್ದಳು. ವಾಂತಿಯಾಯಿತು ಎಂದು ಅವಳು ಹೇಳಿದ್ದು ಅಜ್ಜಿಯ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಆಮೇಲೆ ಸೊಸೆ ಒಳಗೆ ಹೋಗಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದು ತಿಂದಳು. ಅದನ್ನು ನೋಡಲು ಅಜ್ಜಿ ಅಲ್ಲಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ನೋಡಲು ಅಜ್ಜಿಯ ಮಗನ ಪಡಿಯಚ್ಚು. ಎಲ್ಲರೂ ಗುಬ್ಬಿ ಎಂದು ಕರೆದರು. ಆರು ತಿಂಗಳಾದರೂ ಗುಬ್ಬಿಯ ಕತ್ತು ನಿಲ್ಲಲಿಲ್ಲ. ಎರಡು ವರ್ಷಕ್ಕೆ ಕೂತಿತು, ಅದೂ ಗೋಡೆಯ ಆಸರೆಯಲ್ಲಿ. ಈಗ ನಾಲ್ಕು ವರ್ಷ. ಒಂದು ಮಾತಿಲ್ಲ, ನಡಿಗೆಯಿಲ್ಲ, ಕೈಗೆ ಕೊಟ್ಟ ಚಮಚ ಬಾಯಿಗೆ ಹೋಗುವ ಬದಲು ಕೆನ್ನೆಗೆ ಹೋಗುತ್ತದೆ. ಅಜ್ಜಿ ಹಲಗೆಯಿಂದ ಮನೆಗೆ ಬಂದಾಗ ಮಾತ್ರ ಆ ಕೈಯ ವಾಸನೆ ಹಿಡಿದು ಅದು "ಆ" ಎಂದು ಬಾಯಿ ತೆರೆಯುತ್ತಿತ್ತು. ಇಡೀ ದಿನದಲ್ಲಿ ಅದು ತಾನಾಗಿ ಮಾಡುವ ಸದ್ದು ಅದೊಂದೇ. ಹೊಗೆಯಲ್ಲಿ ಒಣಗಿಸಿದ ಯಜಮಾನನ ಎಸಳನ್ನು ಅಜ್ಜಿ ಬಿಸಿನೀರಲ್ಲಿ ಮೆತ್ತಗೆ ಮಾಡಿ ಆ ಬಾಯಿಗೆ ಇಡುವಳು, ಮಗು ಕಣ್ಣು ಮುಚ್ಚಿ ಚೀಪುವುದು. ಆಗ ಅಜ್ಜಿಗೆ ಇಷ್ಟು ಜೀವ ಬಂದ ಹಾಗಾಗುತ್ತಿತ್ತು.

ಆ ಜೀವದ ಜೊತೆಗೆ ಸಿಟ್ಟೂ ಬರುತ್ತಿತ್ತು. ಬಸುರಿಯ ಪಾಲು ಬೆಕ್ಕಿಗೆ ಹೋದರೆ ಕೂಸಿಗೆ ಬಲ ಎಲ್ಲಿಂದ ಬರಬೇಕು? ಅವಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ಪೈಕಿಯಲ್ಲ. ಒಂದು ದಿನ ಹಲಗೆಯ ಮುಂದೆ, ಬಟ್ಟಲು ಹಿಡಿದ ಹೆಂಗಸರೆಲ್ಲ ಇರುವಾಗ, ಸೊಸೆಯೂ ಇರುವಾಗ, ಹೇಳಿಯೇಬಿಟ್ಟಳು: "ನಾನು ಕೊಯ್ದು ಕೊಟ್ಟೆ. ಇವಳು ಬೆಕ್ಕಿಗೆ ಹಾಕಿದಳು. ಆ ಕೂಸು ಹಾಗಿರೋದು ನನ್ನ ಕೈ ತಪ್ಪಲ್ಲ." ಕೇರಿಯಲ್ಲಿ ರೇಡಿಯೋ ಎಂದು ಕರೆಸಿಕೊಳ್ಳುವ ಹೆಂಗಸೊಬ್ಬಳಿದ್ದಳು, ಅಜ್ಜಿಯ ವಾರಗೆಯವಳು. ಅವಳ ಕಿವಿಗೆ ಬಿದ್ದ ಮೇಲೆ ಕೇಳಬೇಕೇ, ಸಂಜೆಯೊಳಗೆ ಹೊಳೆಯ ಆಚೆ ದಡಕ್ಕೂ ಸುದ್ದಿ ಮುಟ್ಟಿತು. ಸೊಸೆ ಒಂದೇ ಒಂದು ಸಲ, "ಇಲ್ಲ ಅತ್ತೆ, ನಾನು ತಿಂದಿದ್ದೆ" ಎಂದಳು. ಯಾರೂ ನಂಬಲಿಲ್ಲ. ಗಂಡನಾದರೂ ನಂಬಿದನೋ ಇಲ್ಲವೋ, ಬಲೆಯ ಗಂಟು ಬಿಡಿಸುತ್ತ ಕೂತವನು ತಲೆಯೆತ್ತಲಿಲ್ಲ. ಅಲ್ಲಿಂದೀಚೆಗೆ ಅವಳು ಆ ಮಾತು ಎತ್ತಿದ್ದಿಲ್ಲ.

ಈಗ ಅವಳು ಮತ್ತೆ ಬಸುರಿ. ಈ ಸಲ ಅಜ್ಜಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬಟ್ಟಲು ಮುಂದಿಟ್ಟು ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂರುವಳು. ಕೊನೆಯ ತುತ್ತು ಗಂಟಲಿಳಿಯುವ ತನಕ ಏಳಳು. "ಬಾಯಿ ತೆಗಿ ನೋಡೋಣ" ಎನ್ನುವುದೊಂದು ಬಾಕಿ. ಸೊಸೆ ಎದುರಾಡದೆ ತಿನ್ನುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡು, ಸದ್ದಿಲ್ಲದೆ.

ಮೂರನೇ ತಿಂಗಳು ಮುಗಿಯುವ ಹೊತ್ತಿಗೆ ಪಟ್ಟಣದ ಆಸ್ಪತ್ರೆಯಿಂದ ನರ್ಸಮ್ಮ ಕೇರಿಗೆ ಬಂದಳು. ಹೊಳೆಯ ಮೀನು ತಿನ್ನುವ ಹೆಂಗಸರ ಕೂದಲು ಬೇಕಂತೆ, ಪರೀಕ್ಷೆಗಂತೆ. ಕೈಚೀಲದಲ್ಲಿ ಕತ್ತರಿ, ಬಿಳಿ ದಾರ, ಕಾಗದದ ಲಕೋಟೆಗಳು. ಸೊಸೆಯ ಸರದಿ ಬಂದಾಗ ಅಜ್ಜಿ ಅಡ್ಡ ನಿಂತಳು.

"ಬಸುರಿ ಹೆಂಗಸಿನ ತಲೆಗೆ ಕತ್ತರಿ ಹಾಕ್ತೀಯಾ? ಬೇಕಾದ್ರೆ ನಂದು ತಗೋ, ಎಷ್ಟು ಬೇಕೋ ಅಷ್ಟು."

"ಪೆನ್ಸಿಲಿನಷ್ಟು ದಪ್ಪದ ಎಳೆ ಬೇಕು ಅಜ್ಜಿ. ನಿಮ್ಮ ತಲೇಲಿ ಅಷ್ಟು ಕೂದಲು ಎಲ್ಲಿದೆ?"

ಹೆಂಗಸರು ಗೊಳ್ಳೆಂದರು. ಅಜ್ಜಿಯೂ ನಕ್ಕಳು, ಆದರೆ ಜಾಗ ಬಿಡಲಿಲ್ಲ. ಕೂದಲಲ್ಲಿ ಏನು ಸಿಗುತ್ತದೆ ಎಂದು ಕೇಳಿದಳು.

"ಮೀನಿಂದ ಮೈಗೆ ಏನು ಸೇರಿದೆ ಅನ್ನೋದು ಸಿಗುತ್ತೆ. ಕೂದಲು ತಿಂಗಳಿಗೆ ಇಷ್ಟು ಅಂತ ಬೆಳೆಯುತ್ತಲ್ಲ? ಬುಡದಲ್ಲಿರೋದು ಈ ತಿಂಗಳದ್ದು, ತುದೀಲಿರೋದು ಹಳೇದು. ಇವರ ಜಡೆ ಇಷ್ಟುದ್ದ ಇದೆಯಲ್ಲ, ಐದು ವರ್ಷದ ಹಿಂದೆ ಯಾವ ತಿಂಗಳು ಎಷ್ಟು ಮೀನು ತಿಂದಿದ್ರು ಅಂತಾನೂ ಗೊತ್ತಾಗುತ್ತೆ."

ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಆಗಲೇ ಅಜ್ಜಿಯ ಮುಖ ನೋಡುತ್ತಿದ್ದಳು. ಇಷ್ಟು ವರ್ಷದ ಜಗಳಕ್ಕೆ ಹೀಗೆ ಸಾಕ್ಷಿ ಸಿಗುತ್ತದೆ ಎಂದು ಇಬ್ಬರೂ ಕನಸಿನಲ್ಲೂ ಎಣಿಸಿರಲಿಲ್ಲ.

"ಹಾಗಾದ್ರೆ ತಗೋ," ಎಂದಳು ಅಜ್ಜಿ. "ಚೆನ್ನಾಗಿ ನೋಡು. ಗುಬ್ಬಿ ಹೊಟ್ಟೇಲಿದ್ದಾಗಿನ ತಿಂಗಳುಗಳನ್ನ ಒಂದೂ ಬಿಡದೆ ನೋಡು."

"ತಗೊಳ್ಳಿ," ಎಂದಳು ಸೊಸೆಯೂ. ತಾನೇ ಜಡೆ ಬಿಚ್ಚಿ, ಕುತ್ತಿಗೆಯ ಹಿಂದಿನಿಂದ ಒಂದು ಎಳೆ ಬೇರ್ಪಡಿಸಿ ಕೊಟ್ಟಳು. ನರ್ಸಮ್ಮ ಬುಡಕ್ಕೆ ದಾರ ಕಟ್ಟಿ ಕತ್ತರಿಸಿದಳು.

ಆಮೇಲಿನ ಒಂದೂವರೆ ತಿಂಗಳು ಆ ಮನೆಯಲ್ಲಿ ಎರಡು ಹೆಂಗಸರು ಒಂದೇ ಕಾಗದಕ್ಕಾಗಿ ಕಾದರು. ಅಜ್ಜಿಗೆ ತಾನು ಗೆಲ್ಲುವುದು ಖಂಡಿತವಿತ್ತು. ಆದರೂ ಆಗಾಗ, ಸೊಸೆಯ ತಲೆ ಬಾಚುವಾಗ, ಆ ಕತ್ತರಿಸಿದ ಮೊಂಡು ಕೂದಲು ಬಾಚಣಿಗೆಗೆ ತಗುಲಿದರೆ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಬಟ್ಟಲು ಮಾತ್ರ ವಾರಕ್ಕೆರಡು ಸಲ ತಪ್ಪದೆ ಬಂದು ಸೊಸೆಯ ಮುಂದೆ ಕೂರುತ್ತಿತ್ತು.

ಆಸ್ಪತ್ರೆಗೆ ಕರೆ ಬಂದಾಗ ಗುಬ್ಬಿಯನ್ನೂ ಎತ್ತಿಕೊಂಡು ಇಬ್ಬರೂ ಹೋದರು. ನರ್ಸಮ್ಮನ ಕೋಣೆ ಚಿಕ್ಕದು. ಅರ್ಧ ಗೋಡೆಗೆ ಹಸಿರು ಬಣ್ಣ, ಮೂಲೆಯಲ್ಲಿ ಕೂಸು ತೂಗುವ ತಕ್ಕಡಿ, ಕಾಲು ಅಲುಗಾಡುವ ಬೆಂಚು, ಬಾಗಿಲ ಹಿಂದೆ ಒಂದರ ಮೇಲೊಂದು ಪೇರಿಸಿದ ರಟ್ಟಿನ ಪೆಟ್ಟಿಗೆಗಳು. ನರ್ಸಮ್ಮ ಮೇಜಿನ ಮೇಲೆ ಚೌಕುಳಿ ಕಾಗದದ ಉದ್ದ ಪಟ್ಟಿಯೊಂದನ್ನು ಬಿಚ್ಚಿ ಹಾಸಿದಳು. ಒಂದು ಚೌಕಕ್ಕೆ ಒಂದು ತಿಂಗಳು. ಉದ್ದಕ್ಕೂ ಕೆಂಪು ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆ.

ಅಜ್ಜಿಗೆ ಓದಲು ಬರುವುದಿಲ್ಲ. ಆದರೆ ಅಳತೆ ಬರುತ್ತದೆ. ಬೆರಳಿಟ್ಟು ಎಣಿಸುತ್ತ ಹೋದಳು. ಮದುವೆಯಾಗಿ ಬಂದ ತಿಂಗಳು ಚುಕ್ಕೆ ನೆಲಕ್ಕೇ ಅಂಟಿತ್ತು. ಎರಡು, ಮೂರು, ನಾಲ್ಕು ಚೌಕ ನಿಧಾನವಾಗಿ ಮೇಲಕ್ಕೆ. ಆಮೇಲೆ ಗೆರೆ ಒಂದೇ ಸಮನೆ ಏರಿತ್ತು, ಏರಿ ಏರಿ ಕಾಗದದ ಮೇಲಂಚಿಗೆ ಹೋಗಿ ಮುಟ್ಟಿತ್ತು.

"ಇದ್ಯಾವ ತಿಂಗಳುಗಳು?" ಎಂದಳು ಅಜ್ಜಿ.

"ನಿಮ್ಮ ಮೊಮ್ಮಗಳು ಹೊಟ್ಟೇಲಿದ್ದ ತಿಂಗಳುಗಳು."

ಸೊಸೆ ಬೆಂಚಿನಿಂದ ಎದ್ದು ಬಂದಳು. "ಅಂದ್ರೆ… ನಾನು ತಿಂದಿದ್ದೆ ಅಂತ ಇದರಲ್ಲಿದೆಯಾ?"

"ಇದೆಯಮ್ಮ. ಒಂದು ತಿಂಗಳೂ ತಪ್ಪಿಲ್ಲ."

"ಐದನೇ ತಿಂಗಳು? ಐದನೇ ತಿಂಗಳೂ ಇದೆಯಾ?"

"ಐದನೇದರಲ್ಲಿ ನಾಲ್ಕನೇದಕ್ಕಿಂತ ಜಾಸ್ತಿ ಇದೆ."

ಸೊಸೆ ಅತ್ತೆಯ ಕಡೆ ತಿರುಗಿದಳು. ಅವಳ ಮುಖ ಹಾಗೆ ಅರಳಿದ್ದನ್ನು ಅಜ್ಜಿ ಮದುವೆಯ ದಿನವೂ ನೋಡಿರಲಿಲ್ಲ. "ನೋಡಿದ್ರಾ ಅತ್ತೆ? ನೋಡಿದ್ರಾ? ನಾನು ತಿಂದಿದ್ದೆ. ಒಂದು ಸಲ ವಾಂತಿಯಾಗಿದ್ದು ಬೆಕ್ಕು ತಿಂತು ಅಷ್ಟೇ. ನಾನು ಎಲ್ಲಾನೂ ತಿಂದಿದ್ದೆ." ಹೇಳುತ್ತ ಹೇಳುತ್ತ ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಅಜ್ಜಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಅಷ್ಟು ಜನರ ಮುಂದೆ ಆಡಿದ ಮಾತು, ಇಷ್ಟು ವರ್ಷ ಕೊಟ್ಟ ಕಾಟ, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಸೋಲಿನ ಒಳಗೇ ಎಲ್ಲೋ ಒಂದು ಸಂತೋಷವೂ ಇತ್ತು: ತಾನು ಕೊಟ್ಟ ಪಾಲು ವ್ಯರ್ಥವಾಗಿರಲಿಲ್ಲ. ಸೊಸೆಯ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣೇ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಇಷ್ಟೊಂದು ತಿಂದಿದ್ದೀಯಲ್ಲೇ, ಇಷ್ಟೊಂದು ಬಲ…"

"ಅಜ್ಜಿ," ಎಂದಳು ನರ್ಸಮ್ಮ. "ಕೂತ್ಕೊಳ್ಳಿ. ನೀವೂ ಕೂತ್ಕೊಳ್ಳಿಯಮ್ಮ. ಇದು ಬಲ ಅಲ್ಲ."

ಅವಳು ಸಮಾಧಾನವಾಗಿಯೇ ಹೇಳಿದಳು, ಒಂದೊಂದೇ ಮಾತು. ಈ ಗೆರೆ ಪಾದರಸದ್ದು. ಮೇಲಿನ ಕಾರ್ಖಾನೆಯ ಕೆಸರಿನಿಂದ ನೀರಿಗೆ ಬಂತು. ಕೆಸರಿನಿಂದ ಹುಳಕ್ಕೆ, ಹುಳದಿಂದ ಚಿಕ್ಕ ಮೀನಿಗೆ, ಚಿಕ್ಕದರಿಂದ ದೊಡ್ಡದಕ್ಕೆ. ಮೈಗೆ ಸೇರಿದ್ದು ಬೇಗ ಹೋಗುವುದಿಲ್ಲ, ತಿಂದಷ್ಟೂ ಕೂಡುತ್ತ ಹೋಗುತ್ತದೆ. ಹೊಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಮುದಿ ಯಜಮಾನನಲ್ಲಿ. ಬಸುರಿ ತಿಂದರೆ ನೇರ ಕೂಸಿನ ಮಿದುಳಿಗೆ ಹೋಗುತ್ತದೆ.

ಸೊಸೆಯ ಕೈ ಇನ್ನೂ ಅಜ್ಜಿಯ ಕೈಯಲ್ಲಿತ್ತು.

"ಗುಬ್ಬಿ ಹೀಗಿರೋದು ಅದರಿಂದಾನಾ?" ಎಂದು ಕೇಳಿದಳು ಸೊಸೆ.

"ನೂರಕ್ಕೆ ನೂರು ಅಂತ ಹೇಳೋಕಾಗಲ್ಲಮ್ಮ. ಬೇರೆ ಕಾರಣಾನೂ ಇರಬಹುದು. ಆದ್ರೆ ಇಷ್ಟು ಜಾಸ್ತಿ ಇದ್ದಾಗ… ಹೌದು, ಅದರಿಂದಾನೇ ಇರಬೇಕು ಅಂತ ಡಾಕ್ಟರು ಹೇಳಿದ್ದಾರೆ."

ಅಜ್ಜಿ ಕಾಗದವನ್ನೇ ನೋಡುತ್ತಿದ್ದಳು. ಹಾಗೆ ನೋಡುತ್ತಲೇ ಕೇಳಿದಳು: "ಇವಳು ಅದನ್ನ ನಿಜವಾಗಲೂ ಬೆಕ್ಕಿಗೆ ಹಾಕಿದ್ದಿದ್ರೆ?"

ನರ್ಸಮ್ಮ ಪಟ್ಟಿಯ ಮಡಿಕೆಯನ್ನು ಬೆರಳಿನಿಂದ ಸಪಾಟು ಮಾಡತೊಡಗಿದಳು.

"ಹೇಳು ತಾಯಿ. ನಾನು ಕೇಳ್ತಾ ಇದೀನಲ್ಲ."

"ಹಾಕಿದ್ದಿದ್ರೆ ಒಳ್ಳೇದಿತ್ತು ಅಜ್ಜಿ."

ಅಜ್ಜಿ ಸೊಸೆಯ ಕೈಯನ್ನು ಮೆಲ್ಲಗೆ ಬಿಟ್ಟಳು. ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು, ಅವನ್ನು ಯಾರೂ ನೋಡಬಾರದು ಎಂಬಂತೆ.

ನರ್ಸಮ್ಮ ಪಟ್ಟಿಯ ಇನ್ನೊಂದು ತುದಿಯನ್ನು ತೋರಿಸಿದಳು. ಗುಬ್ಬಿ ಹುಟ್ಟಿದ ಮೇಲೆ ಇಳಿದಿದ್ದ ಗೆರೆ ಕಡೆಯ ಮೂರು ಚೌಕಗಳಲ್ಲಿ ಮತ್ತೆ ಏರತೊಡಗಿತ್ತು. ಎದುರು ಕೂತು ತಿನ್ನಿಸಿದ ತಿಂಗಳುಗಳು ಅವು. ಇನ್ನೂ ಅಷ್ಟು ಎತ್ತರಕ್ಕೆ ಹೋಗಿಲ್ಲ, ಇವತ್ತಿನಿಂದಲೇ ನಿಲ್ಲಿಸಿದರೆ ಎರಡು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ, ಈ ಕೂಸು ಚೆನ್ನಾಗಿರಬಹುದು ಎಂದಳು. ಬಸುರಿಯರು, ಹಾಲೂಡಿಸುವವರು, ಮಕ್ಕಳು ಯಜಮಾನನನ್ನು ಮುಟ್ಟಲೇಬಾರದು. ಗುಬ್ಬಿಯೂ ಕೂಡ. ವಯಸ್ಸಾದವರಿಗೆ ಅಷ್ಟು ಅಪಾಯವಿಲ್ಲ, ಆದರೂ ಅಪರೂಪಕ್ಕೆ ಸಾಕು. ಬೇಕಾದರೆ ಚಿಕ್ಕ ಮೀನು ತಿನ್ನಬಹುದು, ಅವುಗಳಲ್ಲಿ ಕಡಿಮೆ.

"ಚಿಕ್ಕವು ಮರಿಗಳಲ್ವಾ?" ಎಂದಳು ಅಜ್ಜಿ. "ಮರೀನೂ ತಿಂದುಬಿಟ್ರೆ ಹೊಳೇಲಿ ಇನ್ನೇನಿರುತ್ತೆ?"

ನರ್ಸಮ್ಮ ಎದ್ದಳು. ಬಾಗಿಲ ಹಿಂದಿನ ಪೆಟ್ಟಿಗೆಗಳಲ್ಲಿ ಒಂದನ್ನು ತೆಗೆದುಕೊಟ್ಟಳು. ಬಸುರಿಯರಿಗೆ ಸರ್ಕಾರ ಕಳಿಸಿದ್ದಂತೆ. ಒಳಗೆ ತಗಡಿನ ಡಬ್ಬಿಗಳು, ಡಬ್ಬಿಗಳ ಮೇಲೆ ಮೀನಿನ ಚಿತ್ರ. ಯಾವುದೋ ದೂರದ ಸಮುದ್ರದ ಮೀನು.

ಮನೆಯ ದಾರಿಯಲ್ಲಿ ಅಜ್ಜಿ ಗುಬ್ಬಿಯನ್ನು ಎತ್ತಿಕೊಂಡಳು, ಸೊಸೆ ಪೆಟ್ಟಿಗೆ ಹೊತ್ತಳು. ಹೊಳೆಯ ದಂಡೆಯ ಕಾಲುದಾರಿ. ನೀರು ಪಕ್ಕದಲ್ಲೇ ತಿಳಿಯಾಗಿ, ಚೆಂದವಾಗಿ ಹರಿಯುತ್ತಿತ್ತು. ಅದನ್ನು ನೋಡಿ ಅಜ್ಜಿಗೆ ಕೆಟ್ಟ ಕೋಪ ಬಂತು. ಯಾರ ಮೇಲೆ ಅಂತ ಕೋಪ ಮಾಡಿಕೊಳ್ಳುವುದು? ಕಾರ್ಖಾನೆಯವರ ಮುಖ ಅವಳು ಕಂಡವಳಲ್ಲ. ಕಂಡದ್ದು ತನ್ನ ಕತ್ತಿ, ತನ್ನ ಹಲಗೆ, ತನ್ನ ಐದು ಬೆರಳು.

"ನಿನಗೆ ಅದು ಹಿಡಿಸ್ತಾನೇ ಇರಲಿಲ್ಲ, ಅಲ್ವೇನೇ?" ಎಂದಳು, ತಿರುಗಿ ನೋಡದೆ.

"ವಾಸನೆಗೇ ಹೊಟ್ಟೆ ತೊಳಸ್ತಿತ್ತು ಅತ್ತೆ. ಮೂಗು ಹಿಡ್ಕೊಂಡು ನುಂಗ್ತಿದ್ದೆ."

"ಮತ್ತೆ ಯಾಕೆ ತಿಂದೆ? ಬೇಡ ಅನ್ನಬಹುದಿತ್ತಲ್ಲ. ನಿಜವಾಗಲೂ ಬಿಸಾಕಬಹುದಿತ್ತಲ್ಲ."

ಸೊಸೆ ಪೆಟ್ಟಿಗೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು. ಪೆಟ್ಟಿಗೆಯೊಳಗೆ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ನಮ್ಮನೇಲಿ ನಾನು ಏಳನೆಯವಳು. ಎಲ್ಲರದ್ದೂ ಆದ ಮೇಲೆ ನನಗೆ ಬಡಿಸ್ತಿದ್ರು. ಇಲ್ಲಿ ಬಂದ ಮೇಲೆ ನೀವು ಇಡೀ ಕೇರಿಗಿಂತ ಮೊದಲು ನನಗೆ ಅಂತ ತೆಗೆದಿಡ್ತಿದ್ರಲ್ಲ, ಮುಳ್ಳು ಬಿಡಿಸಿ… ಅದನ್ನ ಹೇಗೆ ಬಿಸಾಕಲಿ?"

ಅಜ್ಜಿ ಅಳುವವಳಲ್ಲ. ಗಂಡ ಸತ್ತಾಗಲೂ ಮೂರನೇ ದಿನಕ್ಕೆ ಹಲಗೆಗೆ ಬಂದು ಕೂತವಳು. ಆ ದಾರಿಯಲ್ಲಿ ಅವಳು ಗುಬ್ಬಿಯ ಕತ್ತಿನಲ್ಲಿ ಮುಖ ಇಟ್ಟು ಅತ್ತಳು. ಗುಬ್ಬಿಗೆ ಸಿಕ್ಕಿದ್ದು ಅವಳ ಕೈಯ ವಾಸನೆ. ಅದು "ಆ" ಎಂದು ಬಾಯಿ ತೆರೆಯಿತು.

ಮರುದಿನ ಬೆಳಿಗ್ಗೆ ಹಲಗೆಗೆ ಯಜಮಾನ ಬಂದ. ಅಜ್ಜಿಯ ಮಗನ ಬಲೆಗೇ ಬಿದ್ದಿದ್ದು, ಆ ವರ್ಷದ ಎಲ್ಲಕ್ಕಿಂತ ದೊಡ್ಡ ಮೀನು, ಬೆನ್ನ ಮೇಲೆ ಪಾಚಿ ಕಟ್ಟಿದ ಮುದುಕ. ಹೆಂಗಸರು ಬಟ್ಟಲು ಹಿಡಿದು ಸುತ್ತ ಸೇರಿದರು. ವಾಡಿಕೆಯಂತೆ ಬಸುರಿಯರ ಬಟ್ಟಲು ಮುಂದೆ: ಒಂದು ಸೊಸೆಯದು, ಇನ್ನೊಂದು ಕೆಳಗಿನ ಮನೆಯ ಹುಡುಗಿಯದು, ಅವಳಿಗೆ ಇದು ಮೊದಲನೇದು. ಸೊಸೆ ಬಟ್ಟಲು ಯಾಕೆ ತಂದಳೋ ಅವಳಿಗೇ ಗೊತ್ತಿಲ್ಲ. ತರದಿದ್ದರೆ ಜನ ಏನೆನ್ನುತ್ತಾರೋ ಎಂದಿರಬೇಕು.

ಅಜ್ಜಿ ಹೊಟ್ಟೆ ಕೊಯ್ದಳು. ಐದು ಬೆರಳಿಟ್ಟು ಬಸುರಿಯ ಪಾಲು ಬಿಡಿಸಿದಳು. ಬಿಡಿಸಿ ಹಲಗೆಯ ಮೇಲಿಟ್ಟು, ಕತ್ತಿ ಕೆಳಗಿಟ್ಟಳು.

"ಎಲ್ಲರೂ ಕೇಳಿ. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಕೂತು ನಾನೊಂದು ಮಾತಾಡಿದ್ದೆ. ನನ್ನ ಸೊಸೆ ಪಾಲು ಬೆಕ್ಕಿಗೆ ಹಾಕಿದಳು, ಅದಕ್ಕೇ ಕೂಸು ಹೀಗೆ ಅಂತ. ಅದು ಸುಳ್ಳು."

"ಅಯ್ಯೋ, ಹಳೇ ಮಾತು ಈಗ್ಯಾಕೆ ಅಕ್ಕ, ಬಿಸಿಲು ಏರ್ತಿದೆ, ಕೊಯ್ಯಿ," ಎಂದಳು ರೇಡಿಯೋ.

"ನೀನು ಸ್ವಲ್ಪ ಬಾಯಿ ಮುಚ್ಕೊಂಡು ಕೇಳಿಸ್ಕೋ, ಆಮೇಲೆ ಊರೆಲ್ಲ ಹೇಳುವಿಯಂತೆ. ಈ ಸಲ ನಾನೇ ಹೇಳು ಅಂತೀನಿ." ಅಜ್ಜಿ ಸೊಸೆಯ ಕಡೆ ಕೈ ತೋರಿಸಿದಳು. "ಅವಳು ತಿಂದಿದ್ದಳು. ಒಂದು ಚೂರು ಬಿಡದೆ ತಿಂದಿದ್ದಳು. ತಿಂದಿದ್ದಕ್ಕೇ ಕೂಸು ಹೀಗಾಗಿದ್ದು. ಮೇಲಿನ ಕಾರ್ಖಾನೆ ವಿಷ ಇದರ ಮಾಂಸದಲ್ಲಿದೆ. ಕೊಯ್ದವಳು ನಾನು. ಬೇಯಿಸಿದವಳು ನಾನು. ಮುಳ್ಳು ಬಿಡಿಸಿ ಕೊಟ್ಟವಳು ನಾನು."

ಅಜ್ಜಿಯ ಮಗ ಒದ್ದೆ ಬಲೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದವನು ಮೊದಲ ಸಲ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಕೇರಿಯಲ್ಲಿ ಇನ್ನೂ ಇಬ್ಬರು ಮಕ್ಕಳ ಕತ್ತು ತಡವಾಗಿ ನಿಂತದ್ದು ಆ ಹೆಂಗಸರಿಗೆಲ್ಲ ಗೊತ್ತಿತ್ತು. ಅವುಗಳ ತಾಯಂದಿರೂ ಅಲ್ಲೇ ಬಟ್ಟಲು ಹಿಡಿದು ನಿಂತಿದ್ದರು.

ಅಜ್ಜಿ ಸೊಸೆಯ ಬಟ್ಟಲನ್ನು ತೆಗೆದುಕೊಂಡು ಬೋರಲು ಹಾಕಿದಳು. ಆಮೇಲೆ ಕೆಳಗಿನ ಮನೆಯ ಹುಡುಗಿಯದನ್ನೂ. ಹುಡುಗಿ ಗಾಬರಿಯಾಗಿ, "ಹಾಗಾದ್ರೆ ನನಗೆ ಏನೂ ಇಲ್ವಾ ಅಜ್ಜಿ?" ಎಂದಳು. ಖಾಲಿ ಬಟ್ಟಲಲ್ಲಿ ಬಸುರಿಯನ್ನು ಮನೆಗೆ ಕಳಿಸಿದ್ದು ಆ ಹಲಗೆ ಕಂಡದ್ದಿಲ್ಲ.

"ನಿನಗೆ ಇಲ್ಲ ಮಗಳೇ. ನಿನಗೆ ಒಳ್ಳೇದಾಗಲಿ ಅಂತಾನೇ ಇಲ್ಲ."

"ಮತ್ತೆ ಆ ಪಾಲು ಯಾರಿಗೆ?" ರೇಡಿಯೋಳ ದನಿ ಕೂಡ ಇಳಿದಿತ್ತು.

"ಇನ್ನು ಮೇಲೆ ನಮ್ಮಂಥವರಿಗೆ. ಹೆರೋದು ಮುಗಿದವರಿಗೆ." ಅಜ್ಜಿ ಆ ಐದು ಬೆರಳಗಲದ ತುಂಡನ್ನು ತನ್ನ ಬಟ್ಟಲಿಗೆ ಹಾಕಿಕೊಂಡಳು. ಉಳಿದದ್ದನ್ನು ಕೊಯ್ಯಲು ಅವಳ ಕೈ ಬರಲಿಲ್ಲ. ಕತ್ತಿಯನ್ನು ಮಗನ ಮುಂದೆ ಸರಿಸಿದಳು. "ಯಾರು ಎಷ್ಟು ತಿನ್ನಬೇಕೋ ನೀವೇ ಯೋಚನೆ ಮಾಡಿ. ನನ್ನ ಬೆರಳಿನ ಲೆಕ್ಕ ಇವತ್ತಿಗೆ ಸಾಕು."

ಮನೆಗೆ ಬಂದು ಒಲೆ ಹಚ್ಚಿದಳು. ಮೀನು ಬೇಯುವಾಗ ಬೂದಿ ಹಚ್ಚಿ ಕೈ ತೊಳೆದಳು, ಸೋಪು ಹಚ್ಚಿ ತೊಳೆದಳು, ಮೂಸಿ ನೋಡಿ ಮತ್ತೊಂದು ಸಲ ತೊಳೆದಳು. ಐವತ್ತು ವರ್ಷದ ವಾಸನೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ಸೊಸೆ ಗೋಡೆಗೊರಗಿಸಿ ಕೂರಿಸಿದ್ದ ಗುಬ್ಬಿಯ ಎದುರು ಕೂತು, ಡಬ್ಬಿಯ ಮುಚ್ಚಳಕ್ಕೆ ಚಾಕು ಹಾಕಿ ಮೀಟುತ್ತಿದ್ದಳು.

"ಅತ್ತೆ, ನೀವೂ ಬಿಸಾಕಿಬಿಡಿ. ಯಾಕೆ ತಿಂತೀರಿ?"

"ಹೊಳೆ ಕೊಟ್ಟಿದ್ದನ್ನ ಬಿಸಾಕಿ ಅಭ್ಯಾಸ ಇಲ್ಲ ಕಣೇ. ನಿನಗೆ ಹೇಗೆ ಇರಲಿಲ್ಲವೋ ಹಾಗೇ."

ಸೊಸೆ ಡಬ್ಬಿಯ ಮೀನನ್ನು ಬೆರಳಲ್ಲಿ ನುರಿದು ಮಗುವಿನ ತುಟಿಗೆ ಇಟ್ಟಳು. ಗುಬ್ಬಿ ಉಗಿಯಿತು. ಇನ್ನೊಂದು ಸಲ ಇಟ್ಟಳು. ಗುಬ್ಬಿ ಮುಖ ತಿರುಗಿಸಿ, ಅಲುಗಾಡುವ ಕತ್ತನ್ನು ಕಷ್ಟಪಟ್ಟು ಒಲೆಯ ಕಡೆ ಹೊರಳಿಸಿ, ಅಜ್ಜಿಯ ಕೈ ನೋಡುತ್ತ "ಆ" ಎಂದು ಬಾಯಿ ತೆರೆಯಿತು.

ಅಜ್ಜಿ ಬಟ್ಟಲು ಎತ್ತಿಕೊಂಡು ಮೂಲೆಗೆ ಹೋದಳು. ಮೊಮ್ಮಗಳಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂತಳು. ಹಿಂದಿನಿಂದ ಮತ್ತೆ "ಆ" ಕೇಳಿಸಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಕೇಳುವವರಿಗೆ ಕೇಳಿಸಲಿಲ್ಲವೇನೋ ಎಂಬ ಹಾಗೆ ಇನ್ನೂ ಸ್ವಲ್ಪ ಜೋರಾಗಿ. ಅಜ್ಜಿ ತಿರುಗಲಿಲ್ಲ. ಮುಳ್ಳು ಬಿಡಿಸದೆಯೇ, ಒಂದೊಂದೇ ತುತ್ತಾಗಿ, ಬಸುರಿಯ ಪಾಲನ್ನು ತಿಂದು ಮುಗಿಸಿದಳು.